ಸೊನ್ನೆಗಿಂತ ಕೆಳಗಿಳಿದ ತೈಲ, ಇಳಿಯದ ಪೆಟ್ರೋಲ್

2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೊಂದು ತಿಂಗಳಲ್ಲಿ ಕೈಸೇರುವ ಸರಕಿಗೆ ಇಂದೇ ಬೆಲೆ ಗೊತ್ತುಮಾಡಿ ಒಪ್ಪಂದ ಮಾಡಿಕೊಳ್ಳುವ ಮಾರುಕಟ್ಟೆ) ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ ಮೈನಸ್ 37.63 ಡಾಲರಿಗೆ ಇಳಿದು ದಿನದ ವಹಿವಾಟು ಮುಗಿಯಿತು. ಅಂದರೆ ತೈಲವನ್ನು ಒಯ್ಯುವವನಿಗೆ ಮಾರುವವನೇ ಕೈಯಿಂದ ಹಣ ಕೊಡಬೇಕು. ತೈಲದ ಬೆಲೆ ಏಕೆ ಏರುತ್ತದೆ ಎಂದು ತಿಳಿಯಬೇಕಾದರೆ ಅದು ಪಾತಾಳಕ್ಕಿಳಿದ ಆ ದಿನವನ್ನು ನೋಡುವುದು ಒಳ್ಳೆಯದು. ಬೆಲೆಯನ್ನು ಮೇಲಕ್ಕೆ ಎತ್ತುವ ಕಾರಣಗಳೇ ಅಂದು ತಲೆಕೆಳಗಾಗಿ ನಿಂತಿದ್ದವು.

ಕೊರೊನಾದಿಂದ ಜಗತ್ತು ಮನೆಯೊಳಗೆ ಕುಳಿತಿತ್ತು. ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಕುಡಿಯುತ್ತಿದ್ದ ಲೋಕದ ಬೇಡಿಕೆಯಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಪಾಲು ಕೆಲವೇ ವಾರಗಳಲ್ಲಿ ಕರಗಿಹೋಯಿತು. ಆದರೆ ಬಾವಿಗಳು ಹರಿಯುತ್ತಲೇ ಇದ್ದವು. ತೈಲಬಾವಿ ಎಂದರೆ ಬೇಕೆಂದಾಗ ತಿರುಗಿಸುವ ನಲ್ಲಿಯಲ್ಲ. ಹರಿವು ನಿಂತರೆ ಶಿಲಾಪದರಗಳ ಒತ್ತಡ ಏರುಪೇರಾಗುತ್ತದೆ, ನೀರು ನುಗ್ಗಬಹುದು, ಮೇಣ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳಬಹುದು. ಮತ್ತೆ ತೆರೆದಾಗ ಮೊದಲಿನಷ್ಟೇ ತೈಲ ಬರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ನಷ್ಟವಾದರೂ ಸರಿ, ಹರಿಯಲಿ ಎಂದು ಬಿಟ್ಟವರೇ ಹೆಚ್ಚು. ಇತ್ತ ಕಾಗದದ ಮೇಲೆ ತೈಲ ಕೊಂಡಿದ್ದವರಿಗೆ ಬೇರೆಯದೇ ಸಂಕಟ. ಮೇ ತಿಂಗಳ ಒಪ್ಪಂದದ ಅವಧಿ ಮರುದಿನವೇ ಮುಗಿಯುತ್ತಿತ್ತು. ಅದನ್ನು ಮಾರದೆ ಉಳಿಸಿಕೊಂಡವರು ಪ್ರತಿ ಒಪ್ಪಂದಕ್ಕೆ 1,000 ಬ್ಯಾರೆಲ್‌ನಂತೆ ಓಕ್ಲಹಾಮಾ ರಾಜ್ಯದ ಕುಶಿಂಗ್ ಎಂಬ ಸಣ್ಣ ಊರಿನಲ್ಲಿ ನಿಜವಾದ ತೈಲವನ್ನೇ ತುಂಬಿಕೊಳ್ಳಬೇಕಿತ್ತು. ಅವರಲ್ಲಿ ಟ್ಯಾಂಕುಗಳಿರಲಿಲ್ಲ, ಕುಶಿಂಗ್‌ನಲ್ಲಿ ಉಳಿದಿದ್ದ ಜಾಗವನ್ನು ಬೇರೆಯವರು ಮೊದಲೇ ಬಾಡಿಗೆಗೆ ಹಿಡಿದಿದ್ದರು.

ಇದನ್ನೇ ತಿರುಗಿಸಿ ನೋಡಿ. ತೈಲ ಹೆಚ್ಚಾದಾಗ ಉತ್ಪಾದನೆ ಬೇಗ ತಗ್ಗುವುದಿಲ್ಲ, ಕಡಿಮೆಯಾದಾಗ ಬೇಗ ಹೆಚ್ಚುವುದೂ ಇಲ್ಲ. ಆಳ ಸಮುದ್ರದಲ್ಲಿ ನಿಕ್ಷೇಪ ಕಂಡುಹಿಡಿದು ಮೊದಲ ಬ್ಯಾರೆಲ್ ಎತ್ತುವಷ್ಟರಲ್ಲಿ ಹಲವು ವರ್ಷಗಳೇ ಕಳೆಯುತ್ತವೆ. ಅಮೆರಿಕದ ಶೇಲ್ ಬಾವಿಗಳು, ಅಂದರೆ ಗಟ್ಟಿ ಪದರಶಿಲೆಯನ್ನು ಒಡೆದು ತೈಲ ತೆಗೆಯುವ ಬಾವಿಗಳು, ತಿಂಗಳುಗಳಲ್ಲಿ ಸಿದ್ಧವಾಗುತ್ತವೆ, ನಿಜ. ಆದರೆ ಇಂದಿನ ಕೊರತೆ ಇಂದೇ ತುಂಬಬೇಕಲ್ಲ. ಬಳಸುವವರ ಕಡೆಯೂ ಇದೇ ಬಿಗಿ. ಈರುಳ್ಳಿ ದುಬಾರಿಯಾದರೆ ಅಡುಗೆಗೆ ಒಂದಿಷ್ಟು ಕಡಿಮೆ ಬಳಸಬಹುದು. ಡೀಸೆಲ್ ದುಬಾರಿಯಾಯಿತೆಂದು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟ ಲಾರಿ ಹಿರಿಯೂರಿನಲ್ಲೇ ನಿಂತುಬಿಡುವುದಿಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಅಷ್ಟು ಶಕ್ತಿಯನ್ನು ಅಷ್ಟು ಹಗುರವಾಗಿ, ಅಷ್ಟು ಚಿಕ್ಕ ಜಾಗದಲ್ಲಿ ಹೊತ್ತೊಯ್ಯುವ ಬದಲಿ ವಸ್ತು ಲಾರಿಯವನ ಕೈಗೆ ನಾಳೆಯೇ ಸಿಗದು.

ಕೊಡುವವನೂ ಬಗ್ಗುವುದಿಲ್ಲ, ಕೊಳ್ಳುವವನೂ ಬಗ್ಗುವುದಿಲ್ಲ ಎಂದಾಗ ಬಗ್ಗುವುದಕ್ಕೆ ಉಳಿದದ್ದು ಬೆಲೆ ಒಂದೇ. ಸಣ್ಣ ಕೊರತೆಗೆ ದೊಡ್ಡ ಏರಿಕೆ ಕಾಣುವುದು ಇದರಿಂದಲೇ. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಉತ್ಪಾದನೆ ತಗ್ಗಿಸಿದಾಗ ಮಾರುಕಟ್ಟೆಯಿಂದ ಮರೆಯಾದದ್ದು ಜಗತ್ತಿನ ತೈಲದ ಹತ್ತನೇ ಒಂದು ಪಾಲೂ ಅಲ್ಲ. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ಮೂರು ಡಾಲರಿನಿಂದ ಹನ್ನೆರಡರ ಹತ್ತಿರಕ್ಕೆ ಜಿಗಿಯಿತು.

2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯಾದ ಅಬ್ಕೈಕ್ ಸಂಸ್ಕರಣಾ ಘಟಕದ ಮೇಲೆ ದಾಳಿ ನಡೆಯಿತು. ಜಗತ್ತಿನ ಶೇ 5ರಷ್ಟು ತೈಲ ರಾತ್ರೋರಾತ್ರಿ ನಿಂತಿತು. ಮುಂದಿನ ಸೋಮವಾರ ಜಾಗತಿಕ ದರಕ್ಕೆ ಅಳತೆಗೋಲಾದ ಬ್ರೆಂಟ್ ತೈಲದ ಬೆಲೆ ಒಂದೇ ದಿನದಲ್ಲಿ ಶೇ 15ರ ಆಸುಪಾಸು ಏರಿತು. ಆದರೆ ಎರಡು-ಮೂರು ವಾರಗಳಲ್ಲಿ ಏರಿದ್ದೆಲ್ಲ ಇಳಿಯಿತು. ಸೌದಿ ಕಂಪನಿ ತನ್ನ ದಾಸ್ತಾನಿನಿಂದ ಗಿರಾಕಿಗಳಿಗೆ ಪೂರೈಸಿತು, ದುರಸ್ತಿಯೂ ಬೇಗ ಆಯಿತು. 1973ಕ್ಕೂ 2019ಕ್ಕೂ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ದಾಸ್ತಾನಿನ ಟ್ಯಾಂಕುಗಳಿಗೆ ಸೇರಬೇಕು.

ಅಂಥ ದಾಸ್ತಾನು ನಮ್ಮಲ್ಲೂ ಇದೆ, ಅದೂ ನಮ್ಮ ಕರಾವಳಿಯ ಬಂಡೆಗಳ ಹೊಟ್ಟೆಯಲ್ಲಿ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಕೊರೆಯಲಾಗಿದೆ. ಇವುಗಳಿಗೆ ಉಕ್ಕಿನ ಒಳಗೋಡೆಯಿಲ್ಲ. ತೈಲ ನಿಂತಿರುವುದು ಬರಿಯ ಬಂಡೆಗೆ ತಾಗಿಕೊಂಡೇ. ಬಂಡೆಯಲ್ಲಿ ಬಿರುಕುಗಳಿರುತ್ತವೆ, ಆದರೂ ಸೋರುವುದಿಲ್ಲ. ಗುಹೆ ಇರುವುದು ಅಂತರ್ಜಲದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ. ಸುತ್ತಲಿನ ಬಿರುಕುಗಳಲ್ಲಿರುವ ನೀರಿನ ಒತ್ತಡ ಒಳಗಿನ ಒತ್ತಡಕ್ಕಿಂತ ಹೆಚ್ಚು. ಆದ್ದರಿಂದ ತೈಲ ಹೊರಹೋಗುವ ಬದಲು ನೀರೇ ಒಳಕ್ಕೆ ಜಿನುಗುತ್ತದೆ. ತೈಲಕ್ಕಿಂತ ಭಾರವಾದ ಆ ನೀರು ತಳ ಸೇರುತ್ತದೆ, ಪಂಪುಗಳು ಅದನ್ನು ಹೊರಹಾಕುತ್ತವೆ. ಗುಹೆಯ ಮೇಲ್ಭಾಗದಲ್ಲಿ ಸುರಂಗ ತೋಡಿ, ಅಲ್ಲಿಂದ ರಂಧ್ರಗಳ ಮೂಲಕ ನೀರು ಹಾಯಿಸಿ ಬಂಡೆಯನ್ನು ಸದಾ ತೇವವಾಗಿಡುತ್ತಾರೆ. ನೀರನ್ನೇ ಗೋಡೆಯಾಗಿಸಿದ ಈ ಜಾಣ್ಮೆ ನನಗೆ ಬೆಲೆಯ ರಾಜಕೀಯಕ್ಕಿಂತ ಎಷ್ಟೋ ರುಚಿಕರ.

2020ರ ಏಪ್ರಿಲ್-ಮೇ ತಿಂಗಳಲ್ಲಿ ಭಾರತ ಈ ಗುಹೆಗಳನ್ನು ಬ್ಯಾರೆಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ತುಂಬಿಸಿತು. ಅದೇ ಜನವರಿಯಲ್ಲಿ ದರ 60 ಡಾಲರಿನಷ್ಟಿತ್ತು. ಒಳ್ಳೆಯ ವ್ಯಾಪಾರವೇ. ಆದರೂ ಮೂರೂ ಕಡೆ ಭರ್ತಿಯಾಗಿದ್ದರೆ ದೇಶಕ್ಕೆ ಸಾಲುವುದು ಸುಮಾರು ಒಂಬತ್ತೂವರೆ ದಿನಕ್ಕೆ. ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಇದು ಒಂದಿಷ್ಟು ಉಸಿರಾಡುವ ಸಮಯ ಕೊಟ್ಟೀತು. ಜಗತ್ತಿನ ಬೆಲೆಯನ್ನು ಅಲುಗಿಸಲಾರದು.

ಇನ್ನು ಬಂಕಿನ ಲೆಕ್ಕ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ, ಕಚ್ಚಾ ತೈಲ ಒಂದು ಡಾಲರ್ ಏರಿದಾಗ ಲೀಟರಿಗೆ ಬೀಳುವ ಹೊರೆ ಸುಮಾರು 53 ಪೈಸೆ. ರೂಪಾಯಿ ಸೊರಗಿದರೆ ಬಾವಿಯ ಬಳಿ ಏನೂ ಆಗದೆಯೂ ಇದು ಹೆಚ್ಚುತ್ತದೆ. ಹಾಗಿದ್ದರೆ 2020ರಲ್ಲಿ ನಮಗೆ ಪೆಟ್ರೋಲ್ ಏಕೆ ನೀರಿನ ಬೆಲೆಗೆ ಸಿಗಲಿಲ್ಲ? ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ಏರಿಸಿತು. ಅಗ್ಗವಾದ ತೈಲದ ಲಾಭ ಗಿರಾಕಿಯನ್ನು ತಲುಪುವ ಮೊದಲೇ ಖಜಾನೆ ಸೇರಿತು. 2021ರ ನವೆಂಬರ್‌ನಲ್ಲಿ ಮತ್ತು 2022ರ ಮೇ ತಿಂಗಳಲ್ಲಿ ಸುಂಕ ಇಳಿದದ್ದು, ಕಚ್ಚಾ ತೈಲ ಮತ್ತೆ ದುಬಾರಿಯಾಗಿ ಜನ ಗೊಣಗತೊಡಗಿದ ಮೇಲೆ.

ಕೇಂದ್ರದ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದಿರುತ್ತದೆ. ಕರ್ನಾಟಕದ ಮಾರಾಟ ತೆರಿಗೆ ಹಾಗಲ್ಲ, ಅದು ಬೆಲೆಯ ಮೇಲಿನ ಶೇಕಡಾವಾರು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮೇಲಿನ ಈ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಯಿತು. ಮೇಲೆ ಹೇಳಿದ ಆ 53 ಪೈಸೆ ಪೂರ್ತಿಯಾಗಿ ಬಂಕಿಗೆ ದಾಟಿದರೆ, ಈ ದರದ ತೆರಿಗೆ ಸೇರಿ ಗಿರಾಕಿಗೆ 69 ಪೈಸೆಯಾಗುತ್ತದೆ. ಉಳಿದ 16 ಪೈಸೆ, ಯಾವ ಆದೇಶವೂ ಇಲ್ಲದೆ, ತಾನಾಗಿ ವಿಧಾನಸೌಧದ ದಾರಿ ಹಿಡಿಯುತ್ತದೆ.