ಬಟ್ಟಲ ತಳದಲ್ಲಿ ದೊರೆಯ ಹೆಸರು: ಮಿಂಗ್ ಕಾಲದ ಅಧ್ಯಯನ ಟಿಪ್ಪಣಿ

ಮಿಂಗ್ ವಂಶ ಚೀನಾವನ್ನು ಆಳಿದ್ದು 1368ರಿಂದ 1644ರವರೆಗೆ. ದೊರೆಗಳು 16 ಜನ. ಇಷ್ಟೂ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಹೊತ್ತಿಗೆ ಕಲಸಿಹೋಗುತ್ತವೆ. ಅದರ ಬದಲು ಒಂದೊಂದು ಹೆಸರಿಗೆ ಒಂದೊಂದು ವಸ್ತುವನ್ನು ಗಂಟು ಹಾಕಿಕೊಳ್ಳಿ. ಇಲ್ಲಿ ನಾಲ್ವರನ್ನು ಮಾತ್ರ ತೆಗೆದುಕೊಂಡಿದ್ದೇನೆ. 15ನೇ ಶತಮಾನದ ಬಹುಭಾಗ ಇವರಲ್ಲೇ ಬಂದುಬಿಡುತ್ತದೆ.

ಮೊದಲೇ ತಿಳಿದಿರಲಿ: ಯೋಂಗ್ಲೆ, ಶುವಾನ್‌ಡೆ ಇವೆಲ್ಲ ಹುಟ್ಟಿದಾಗ ಇಟ್ಟ ಹೆಸರುಗಳಲ್ಲ. ಪಟ್ಟಕ್ಕೆ ಬಂದ ಮೇಲೆ ಆಳ್ವಿಕೆಯ ಕಾಲಕ್ಕೆ ಇಟ್ಟವು. ಯೋಂಗ್ಲೆಯ ಸ್ವಂತ ಹೆಸರು ಝು ಡಿ. ಪಾತ್ರೆಗಳ ಮೇಲೆ ಕಾಣುವುದು ಆಳ್ವಿಕೆಯ ಹೆಸರೇ.

ಯೋಂಗ್ಲೆ (1402–1424) ಅಣ್ಣನ ಮಗನಿಂದ ಗದ್ದುಗೆ ಕಿತ್ತುಕೊಂಡವನು. ರಾಜಧಾನಿಯನ್ನು ಬೀಜಿಂಗಿಗೆ ತಂದದ್ದು, ನೌಕಾಧಿಪತಿ ಝೆಂಗ್ ಹೆಯ ಹಡಗುಗಳನ್ನು ಕಲ್ಲಿಕೋಟೆಯವರೆಗೂ ಅದರಾಚೆಗೂ ಕಳಿಸಿದ್ದು ಇವನೇ. ಇಷ್ಟು ಅಬ್ಬರದ ದೊರೆಯ ಕಾಲದ ಹೆಸರಾಂತ ವಸ್ತು ಯಾವುದು ಗೊತ್ತಾ? ಅಚ್ಚ ಬಿಳಿ ಪಿಂಗಾಣಿ. ಮೊದಲ ನೋಟಕ್ಕೆ ಅದರ ಮೇಲೆ ಏನೂ ಕಾಣುವುದಿಲ್ಲ. ಬೆಳಕಿಗೆ ಹಿಡಿದರೆ ತೆಳುವಾದ ಗೋಡೆಯೊಳಗೆ ಡ್ರ್ಯಾಗನ್ನೋ ಹೂಬಳ್ಳಿಯೋ ಮೂಡುತ್ತದೆ.

ಇದನ್ನು ಮಾಡುತ್ತಿದ್ದ ಊರು ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ಡೆಜೆನ್. ಈ ಹೆಸರನ್ನು ಮಾತ್ರ ಮರೆಯಬೇಡಿ. ಅಲ್ಲಿ ಎರಡು ಸಾಮಗ್ರಿ ಸಿಗುತ್ತಿದ್ದವು: ಪುಡಿ ಮಾಡಬಹುದಾದ ಪಿಂಗಾಣಿ ಕಲ್ಲು, ಮತ್ತೆ ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣು. ಎರಡನ್ನೂ ಕಲಸಿ ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಲ್ಲು ಕರಗಿ ಗಾಜಿನಂತಾಗುತ್ತದೆ, ಮಣ್ಣು ಆಕಾರವನ್ನು ಹಿಡಿದಿಡುತ್ತದೆ. ಅರಮನೆಗೆ ಹೋಗುವ ಮಾಲಿನಲ್ಲಿ ಚೂರು ದೋಷ ಕಂಡರೂ ಒಡೆದು ಹೂಳುತ್ತಿದ್ದರು. ಆ ಗುಂಡಿಗಳನ್ನು ಅಗೆದು, ಚೂರುಗಳನ್ನು ಜೋಡಿಸಿದ್ದರಿಂದಲೇ ಇಂದಿನ ವಿದ್ವಾಂಸರಿಗೆ ಎಷ್ಟೋ ವಿಷಯ ತಿಳಿದಿದೆ.

ಶುವಾನ್‌ಡೆ (1425–1435) ಯೋಂಗ್ಲೆಯ ಮೊಮ್ಮಗ. ಸ್ವತಃ ಚಿತ್ರ ಬರೆಯುತ್ತಿದ್ದ. ಬಿಳಿ ಮೈಮೇಲೆ ನೀಲಿ ಚಿತ್ತಾರದ ಪಾತ್ರೆಗಳು ಇವನಿಗಿಂತ ಮೊದಲೇ ಇದ್ದವು. 1351ರ ದಿನಾಂಕ ಬರೆದ ಒಂದು ಜೋಡಿ ಹೂಜಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆದರೆ ತಳದಲ್ಲಿ ಆರು ಅಕ್ಷರ ಬರೆಯುವ ಪದ್ಧತಿ ಗಟ್ಟಿಯಾದದ್ದು ಶುವಾನ್‌ಡೆ ಕಾಲದಲ್ಲಿ. ‘ಮಹಾ ಮಿಂಗ್, ಶುವಾನ್‌ಡೆ ಆಳ್ವಿಕೆಯಲ್ಲಿ ಮಾಡಿದ್ದು’ ಎಂದು ಅದರ ಅರ್ಥ. ಇವನಿಗೆ ಜೀರುಂಡೆ ಕಾಳಗದ ಹುಚ್ಚು ಬೇರೆ! ಜೀರುಂಡೆ ಸಾಕುವ ಪಿಂಗಾಣಿ ಡಬ್ಬಿಗಳಿಗೂ ಅರಮನೆಯ ಗುರುತೇ.

ಮೂರನೆಯವನು ಜಿಂಗ್‌ತಾಯ್ (1449–1457). 1449ರಲ್ಲಿ ಅಣ್ಣನಾದ ದೊರೆಯನ್ನು ತೂಮು ಎಂಬಲ್ಲಿ ಮಂಗೋಲರು ಸೆರೆಹಿಡಿದರು. ತಮ್ಮ ಪಟ್ಟಕ್ಕೇರಿದ. ಅಣ್ಣ ಬಿಡುಗಡೆಯಾಗಿ ಬಂದು 1457ರಲ್ಲಿ ಮತ್ತೆ ಗದ್ದುಗೆ ಹಿಡಿದ. ನಡುವೆ ಸಿಕ್ಕಿದ್ದು ಇಷ್ಟೇ ಕಾಲ. ಆದರೂ ಕ್ಲುವಾಸೊನೆ ಕಲೆಗೆ ಚೀನಾದಲ್ಲಿ ಇವತ್ತಿಗೂ ‘ಜಿಂಗ್‌ತಾಯ್ ನೀಲಿ’ ಎಂದೇ ಹೆಸರು. ಮಾಡುವ ಬಗೆ ಹೀಗೆ: ತಾಮ್ರದ ಪಾತ್ರೆಯ ಮೇಲೆ ತೆಳು ತಂತಿಯಿಂದ ಚಿತ್ರದ ಅಂಚು ಕೂರಿಸುತ್ತಾರೆ. ಆ ಮನೆಗಳೊಳಗೆ ಬಣ್ಣದ ಗಾಜಿನ ಪುಡಿಯನ್ನು ಕಲಸಿ ತುಂಬಿ ಸುಡುತ್ತಾರೆ. ಗಾಜು ಕರಗಿ ಕೆಳಗಿಳಿಯುವುದರಿಂದ ಮತ್ತೆ ತುಂಬಿ, ಮತ್ತೆ ಸುಡಬೇಕು. ಕೊನೆಗೆ ಉಜ್ಜಿ ನಯ ಮಾಡಿ, ತಂತಿಗೆ ಚಿನ್ನದ ಲೇಪ. ಈ ವಿದ್ಯೆ ಪಶ್ಚಿಮದಿಂದ ಬಂದದ್ದು. ಶುವಾನ್‌ಡೆ ಗುರುತಿನ ಒಳ್ಳೊಳ್ಳೆ ಕ್ಲುವಾಸೊನೆ ಪಾತ್ರೆಗಳೂ ಇವೆ. ಹಾಗಾಗಿ ‘ಜಿಂಗ್‌ತಾಯ್ ಕಂಡುಹಿಡಿಸಿದ’ ಎಂದು ಬರೆದರೆ ತಪ್ಪು.

ಚೆಂಗ್‌ಹುವಾ (1464–1487) ಎಂದರೆ ಕೋಳಿ ಬಟ್ಟಲು. ಹುಂಜ, ಹೇಂಟೆ, ಮರಿಗಳ ಚಿತ್ರವಿರುವ, ಅಂಗೈಯಲ್ಲಿ ಕೂರುವಷ್ಟು ಪುಟ್ಟ ಬಟ್ಟಲು. ನೀಲಿ ಗೆರೆ ಎಳೆದು, ಗಾಜಿನ ಲೇಪ ಕೊಟ್ಟು ಒಮ್ಮೆ ಸುಡುವುದು. ಗೆರೆಯೊಳಗೆ ಕೆಂಪು, ಹಸಿರು, ಹಳದಿ ತುಂಬಿ ಕಡಿಮೆ ಶಾಖದಲ್ಲಿ ಇನ್ನೊಮ್ಮೆ ಸುಡುವುದು. ಈ ಶೈಲಿಗೆ ದೌತ್ಸಾಯ್ ಎನ್ನುತ್ತಾರೆ. 2014ರಲ್ಲಿ ಇಂಥದ್ದೊಂದು ಬಟ್ಟಲು ಹಾಂಗ್‌ಕಾಂಗ್ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು. ಕೊಂಡವರು ಅದರಲ್ಲೇ ಚಹಾ ಕುಡಿದರು. ನನಗಂತೂ ಅದು ಸರಿಯೆನಿಸಿತು, ಬಟ್ಟಲು ಇರುವುದೇ ಕುಡಿಯೋಕೆ ಅಲ್ವಾ?

ಇನ್ನು ಎಚ್ಚರಿಕೆಯ ಮಾತು. ತಳದ ಹೆಸರನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಜಿಂಗ್‌ತಾಯ್ ಎಂದು ಬರೆದ ಎಷ್ಟೋ ಕ್ಲುವಾಸೊನೆ ಪಾತ್ರೆಗಳಿಗೆ ಆ ಗುರುತು ಬಂದದ್ದು ಆಮೇಲೆ. ಮಿಂಗ್ ನಂತರದ ಚಿಂಗ್ ವಂಶದ ಕಾಂಗ್‌ಶಿ (1661–1722) ಕಾಲದ ಪಿಂಗಾಣಿಯಲ್ಲೂ ಶುವಾನ್‌ಡೆ, ಚೆಂಗ್‌ಹುವಾ ಹೆಸರು ಬೇಕಾದಷ್ಟು ಸಿಗುತ್ತವೆ. ಎಲ್ಲವೂ ಮೋಸವಲ್ಲ. ಹಳೆಯ ಕಾಲದ ಮೇಲಿನ ಗೌರವಕ್ಕೂ ಹಾಗೆ ಬರೆಯುತ್ತಿದ್ದರು. ಜೊತೆಗೆ 1677ರಲ್ಲಿ ಜಿಂಗ್‌ಡೆಜೆನ್ ಊರಿನ ಅಧಿಕಾರಿಯೊಬ್ಬ, ಆಳುತ್ತಿರುವ ದೊರೆಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಕೂಡದು ಎಂದು ಆಜ್ಞೆ ಹೊರಡಿಸಿದ್ದ. ಪಾತ್ರೆ ಒಡೆದರೆ ದೊರೆಯ ಹೆಸರು ಕಸದ ಪಾಲಾಗುತ್ತದೆ ಎಂಬ ಭಯ. ಆ ಕಾಲದ ಕೆಲವು ಪಾತ್ರೆಗಳ ತಳದಲ್ಲಿ ಹೆಸರೇ ಇಲ್ಲ. ಎರಡು ನೀಲಿ ಉಂಗುರ, ನಡುವೆ ಖಾಲಿ ಜಾಗ, ಅಷ್ಟೇ.