ಎಷ್ಟು ದಿನ ಆಫೀಸು ಅನ್ನೋದು ಆಮೇಲಿನ ಮಾತು

ಕೊರೋನಾ ಬಂದಾಗ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಲ್ಯಾಪ್‌ಟಾಪ್ ಇಲ್ಲದವರಿಗೆ ಡೆಸ್ಕ್‌ಟಾಪನ್ನೇ ಕಟ್ಟಿ ಕ್ಯಾಬಿನಲ್ಲಿ ಕಳಿಸಿದ್ದೆವು. ಪಾಲಿಸಿ ಬರೆಯೋಕೆ ಪುರುಸೊತ್ತು ಯಾರಿಗಿತ್ತು? 'ಮುಂದಿನ ಸೂಚನೆಯವರೆಗೆ ಮನೆಯಿಂದಲೇ ಕೆಲಸ ಮಾಡಿ' ಅಂತ ಒಂದೇ ಸಾಲಿನ ಮೇಲ್ ಹೋಯಿತು. ಬರೆದಿದ್ದು ನಾನೇ.

ಮುಂದಿನ ಸೂಚನೆ ಬಂದಿದ್ದು ಎರಡೂವರೆ ವರ್ಷದ ಮೇಲೆ. ಅಷ್ಟರಲ್ಲಿ ಜನ ಬಾಡಿಗೆ ಮನೆ ಖಾಲಿ ಮಾಡಿ, ಅಡ್ವಾನ್ಸ್ ವಾಪಸ್ ತಗೊಂಡು, ಶಿರಸಿಗೋ ಹಾಸನಕ್ಕೋ ಹೋಗಿ, ಮಕ್ಕಳನ್ನು ಅಲ್ಲೇ ಶಾಲೆಗೆ ಸೇರಿಸಿ, ವಯಸ್ಸಾದ ಅಪ್ಪ ಅಮ್ಮನ ಜೊತೆ ನೆಲೆಯಾಗಿಬಿಟ್ಟಿದ್ದರು. ನಾವು ಹದಿನೈದು ದಿನ ಟೈಮ್ ಕೊಟ್ಟು ಬನ್ನಿ ಅಂದೆವು. ಅದೂ ಶಾಲೆ ವರ್ಷದ ನಡುವೆ. ಕೆಲಸ ಗೊತ್ತಿದ್ದವರೇ ಮೊದಲು ರಾಜೀನಾಮೆ ಕೊಟ್ಟರು.

ಈಗ ಸಲಹೆಗಾರನಾಗಿ ಹೋದಲ್ಲೆಲ್ಲ ಮಾಲೀಕರು ಕೇಳೋದು ಒಂದೇ: ವಾರಕ್ಕೆ ಮೂರು ದಿನ ಕರೆಯೋಣವೋ, ಐದೋ? ಇಷ್ಟು ದಿನ ನೀವು ಅವರಿಗೆ ಏನು ಹೇಳಿದ್ದೀರಿ ಅಂತ ನಾನು ಕೇಳುತ್ತೇನೆ. ಆಫರ್ ಲೆಟರಿನಲ್ಲಿ ಕೆಲಸದ ಊರು ಯಾವುದಿದೆ? ಎಲ್ಲ ಸಿಬ್ಬಂದಿ ಸೇರುವ ಟೌನ್‌ಹಾಲ್ ಮೀಟಿಂಗಲ್ಲಿ ಅವರ ಖುಷಿಗೆ ಏನಾದರೂ ಮಾತು ಕೊಟ್ಟಿದ್ದೀರಾ? ಟಿಸಿಎಸ್ 2020ರಲ್ಲಿ, 2025ರ ಹೊತ್ತಿಗೆ ಶೇ 25ರಷ್ಟು ಸಿಬ್ಬಂದಿ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಅಂದಿತ್ತು. 2023ರ ಅಕ್ಟೋಬರಿಗೆ ವಾರದ ಐದೂ ದಿನ ಬನ್ನಿ ಅಂತಾಯಿತು. ಕಂಪನಿ ಮನಸ್ಸು ಬದಲಿಸಬಾರದು ಅಂತ ನಾನು ಹೇಳಲ್ಲ. ಆದರೆ ಮೊದಲ ಮಾತು ಕೇಳಿ ಊರಲ್ಲಿ ಮನೆ ಕಟ್ಟಿಸಿದವನ ಕಥೆ ಏನು?

ಈ ವಿಷಯದಲ್ಲಿ ಸರ್ಕಾರವೇ ವಾಸಿ. ವಿಶೇಷ ಆರ್ಥಿಕ ವಲಯದ ಘಟಕಗಳಿಗೆ 2022ರ ಜುಲೈನಲ್ಲಿ ವರ್ಕ್ ಫ್ರಮ್ ಹೋಮ್ ನಿಯಮ ತಂದಾಗ, ಗರಿಷ್ಠ ಒಂದು ವರ್ಷ ಅಂತ ಅದರಲ್ಲೇ ಬರೆದಿತ್ತು. ಆಮೇಲೆ ವಿಸ್ತರಿಸಿದರು, ನಿಜ. ಆದರೆ ತಾರೀಕು ಹಾಕಿ ವಿಸ್ತರಿಸಿದರು.

ಇನ್ನು ದಿನಗಳ ಲೆಕ್ಕ. ಚೀನಾದ ಟ್ರಿಪ್.ಕಾಮ್ ಕಂಪನಿಯ 1,600ಕ್ಕೂ ಹೆಚ್ಚು ಸಿಬ್ಬಂದಿ ಮೇಲೆ ನಡೆದ ಅಧ್ಯಯನ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟವರಲ್ಲಿ ಕೆಲಸ ಬಿಡುವುದು ಮೂರನೇ ಒಂದರಷ್ಟು ಕಡಿಮೆಯಾಯಿತು, ಬಡ್ತಿಗೆ ಏನೂ ಪೆಟ್ಟು ಬೀಳಲಿಲ್ಲ. ಮಾಲೀಕರ ಮುಂದೆ ನಾನು ಇದನ್ನು ಇಡುತ್ತೇನೆ. ಜೊತೆಗೆ ಫ್ರೆಶರ್‌ಗಳ ಮಾತೂ ಎತ್ತುತ್ತೇನೆ, ಯಾಕೆಂದರೆ ಅವರು ಪಕ್ಕದಲ್ಲಿ ಕೂತವರನ್ನು ನೋಡಿಯೇ ಅರ್ಧ ಕೆಲಸ ಕಲಿಯೋದು. ಅವರು ಬರುವ ದಿನವೇ ಸೀನಿಯರೂ ಬರಬೇಕು, ಇಲ್ಲದಿದ್ದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದು ಹೆಡ್‌ಫೋನ್ ಹಾಕಿ ವೀಡಿಯೋ ಕಾಲ್‌ನಲ್ಲಿ ಕೂರೋದು ಸುಮ್ನೆ ಪೆಟ್ರೋಲ್ ದಂಡ ಅಲ್ವಾ?

2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ ಮುಳುಗಿದಾಗ ಮತ್ತೆ ಎಲ್ಲರೂ ಮನೆಯಿಂದಲೇ ಕೆಲಸಕ್ಕೆ ಕೂತರಲ್ಲ, ಆಗ ನನ್ನ ಪರಿಚಯದ ಒಬ್ಬ ಮಾಲೀಕರು ಕಳಿಸಿದ ಮೇಲ್ ಇನ್ನೂ ಇಟ್ಟುಕೊಂಡಿದ್ದೇನೆ. 'ಶುಕ್ರವಾರದವರೆಗೆ ಮನೆಯಿಂದ. ಸೋಮವಾರ ಆಗಲಿಲ್ಲ ಅಂದ್ರೆ ಭಾನುವಾರ ಸಂಜೆ ಆರಕ್ಕೆ ತಿಳಿಸುತ್ತೇನೆ.' ಭಾನುವಾರ ಆರಕ್ಕೆ ಸರಿಯಾಗಿ ತಿಳಿಸಿದರು.