ಬುಕ್ ಮಾಡಿದವರು ಬರಲೇ ಇಲ್ಲ, ಅಡ್ವಾನ್ಸ್ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ಗಾಂಧಿನಗರದಲ್ಲಿ ನಮ್ಮದು 14 ರೂಮಿನ ಲಾಡ್ಜ್. ಹೋದ ತಿಂಗಳು ಒಂದು ಕುಟುಂಬದವರು ಎರಡು ರೂಮು ಬುಕ್ ಮಾಡಿ, ಒಂದು ರಾತ್ರಿಯ ಪೂರ್ತಿ ಬಾಡಿಗೆ 3,200 ರೂಪಾಯಿ ಕಳಿಸಿದ್ದರು. ಬರಲಿಲ್ಲ, ಫೋನೂ ಎತ್ತಲಿಲ್ಲ. ರಾತ್ರಿ ಹತ್ತೂವರೆಗೆ ಒಂದು ರೂಮನ್ನು ಬೇರೆಯವರಿಗೆ 1,200ಕ್ಕೆ ಕೊಟ್ಟೆ. ಇನ್ನೊಂದು ಖಾಲಿ ಉಳಿಯಿತು. ಈಗ ದುಡ್ಡು ವಾಪಸ್ ಕೊಡಿ ಅಂತಿದ್ದಾರೆ. ಕೊಡಲೇಬೇಕಾ? ಇನ್ನು ಮುಂದೆ ಅಡ್ವಾನ್ಸ್ ಎಷ್ಟು ತಗೊಳ್ಳೋದು?

ಉತ್ತರ: ಪೂರ್ತಿ ಕೊಡಬೇಕಾಗಿಲ್ಲ. ಪೂರ್ತಿ ಇಟ್ಟುಕೊಳ್ಳುವುದೂ ಸರಿಯಲ್ಲ. ನನ್ನನ್ನು ಕೇಳಿದರೆ 1,200 ವಾಪಸ್ ಕಳಿಸಿ, 2,000 ಇಟ್ಟುಕೊಳ್ಳಿ.

ಲೆಕ್ಕ ಸುಲಭ. ಖಾಲಿ ಉಳಿದ ರೂಮಿನಲ್ಲಿ ನಿಮಗೆ 1,600 ಹೋಯಿತು. ಬೆಡ್‌ಶೀಟ್ ಒಗೆಸುವ ಖರ್ಚು ಉಳಿದಿರಬಹುದು, ಅದನ್ನು ಬಿಡೋಣ. ಇನ್ನೊಂದು 1,200ಕ್ಕೆ ಹೋಗಿದೆ. ಅಲ್ಲಿಗೆ ಅದರ ನಷ್ಟ 400 ಅಷ್ಟೇ. ಒಂದೇ ರೂಮಿಗೆ ಒಂದೇ ರಾತ್ರಿ ಇಬ್ಬರಿಂದ ಬಾಡಿಗೆ ಎಣಿಸಿಕೊಂಡರೆ ನಾಳೆ ಕೇಳುವವರಿಗೆ ಏನು ಹೇಳ್ತೀರಿ?

ಕಾನೂನೂ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತದೆ. ಕರಾರು ಮುರಿದರೆ ಇಷ್ಟು ದುಡ್ಡು ಅಂತ ಮೊದಲೇ ಬರೆದಿಟ್ಟಿದ್ದರೂ, ಆ ಮೊತ್ತದ ಒಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳೆಯೇ ಇಲ್ಲದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅದನ್ನು ಅನ್ಯಾಯದ ಕರಾರು ಅಂತಲೇ ಕರೆಯುತ್ತದೆ. ಕೌಂಟರಿನ ಮೇಲೆ 'ಅಡ್ವಾನ್ಸ್ ವಾಪಸ್ ಇಲ್ಲ' ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಇದೆಲ್ಲ ತಪ್ಪುವುದಿಲ್ಲ. ನಿಮ್ಮನ್ನು ಕಾಯುವುದು ಬೋರ್ಡಲ್ಲ, ರಿಜಿಸ್ಟರು. ಆ ರಾತ್ರಿ ಯಾವ ರೂಮು ಖಾಲಿ ಇತ್ತು, ಎಷ್ಟು ಸಲ ಫೋನ್ ಮಾಡಿದಿರಿ, ಎಷ್ಟು ಗಂಟೆಗೆ ಬೇರೆಯವರಿಗೆ ಕೊಟ್ಟಿರಿ, ಎಲ್ಲ ಬರೆದಿಡಿ.

ಈಗ ಅಡ್ವಾನ್ಸ್ ವಿಷಯ. ನಾನು ಮೆಜೆಸ್ಟಿಕ್ ಹತ್ತಿರದ ಲಾಡ್ಜ್ ಒಂದರಲ್ಲಿ ಹನ್ನೊಂದು ವರ್ಷ ಕೌಂಟರಿನಲ್ಲಿ ಕೂತವನು. ಅಲ್ಲಿ ಕಂಡ ದೊಡ್ಡ ತಪ್ಪು ಒಂದೇ. ಮೊದಲೇ ಹೇಳಿ ಕ್ಯಾನ್ಸಲ್ ಮಾಡಿದವರಿಗೂ, ಹೇಳದೆ ಕೇಳದೆ ಕೈಕೊಟ್ಟವರಿಗೂ ಒಂದೇ ಶಿಕ್ಷೆ. ಹೇಗಿದ್ದರೂ ದುಡ್ಡು ಹೋಯಿತು ಅಂತ ಗೊತ್ತಾದ ಮೇಲೆ ಆ ಮನುಷ್ಯ ನಿಮಗ್ಯಾಕೆ ಫೋನ್ ಮಾಡ್ತಾನೆ? ಸುಮ್ನೆ ಇದ್ದುಬಿಡುತ್ತಾನೆ. ನೀವು ರಾತ್ರಿ ಹನ್ನೊಂದರವರೆಗೆ ಬೀಗದಕೈ ಹಿಡಿದು ಕಾಯುತ್ತೀರಿ.

ನಿಮಗೆ ಬೇಕಾಗಿರುವುದು ಅವರ 500 ರೂಪಾಯಿ ಅಲ್ಲ, 'ಬರಲ್ಲ' ಅನ್ನೋ ಮಾತು. ಅದೂ ಮಧ್ಯಾಹ್ನದೊಳಗೆ. ಎರಡು ಗಂಟೆಗೆ ಗೊತ್ತಾದರೆ ಸಂಜೆ ಬಸ್‌ಸ್ಟ್ಯಾಂಡಿನಿಂದ ಬ್ಯಾಗು ಹೊತ್ತು ಬರುವವರಿಗೆ ಆ ರೂಮು ಪೂರ್ತಿ ರೇಟಿಗೇ ಹೋಗುತ್ತದೆ. ರಾತ್ರಿ ಹತ್ತೂವರೆಗೆ ಕೊಡಲು ಹೋದರೆ 1,200 ಆಗುತ್ತದೆ, ನಿಮಗೇ ಗೊತ್ತಲ್ವಾ. ಆದ್ದರಿಂದ ಫೋನ್ ಮಾಡಿದವರಿಗೆ ಏನಾದರೂ ಉಳಿಯುವಂತೆ ನಿಯಮ ಇಡಿ. ಮಾಮೂಲಿ ದಿನಗಳಲ್ಲಿ 1,600ರ ರೂಮಿಗೆ 500 ಅಡ್ವಾನ್ಸ್ ಸಾಕು. ಹಿಂದಿನ ದಿನ ಸಂಜೆ ಆರರೊಳಗೆ ಹೇಳಿದರೆ ಪೂರ್ತಿ ವಾಪಸ್. ಅದೇ ದಿನ ಮಧ್ಯಾಹ್ನ ಎರಡರೊಳಗೆ ಹೇಳಿದರೆ ಅರ್ಧ. ಏನೂ ಹೇಳದಿದ್ದರೆ, ರೂಮೂ ಖಾಲಿ ಉಳಿದರೆ, 500 ನಿಮ್ಮದು.

ರಶ್ ಇರುವ ದಿನಗಳಿಗೆ ಈ ಲೆಕ್ಕ ಸಾಲದು. ಬೆಸ ವರ್ಷಗಳ ಫೆಬ್ರವರಿಯಲ್ಲಿ ಏರೋ ಇಂಡಿಯಾ ಬಂದರೆ ಯಲಹಂಕದ ಕಡೆ ರೂಮೇ ಸಿಗುವುದಿಲ್ಲ. ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದರೆ ಎಂ.ಜಿ. ರಸ್ತೆ ಸುತ್ತಮುತ್ತ ಹಾಗೇ. ನಿಮ್ಮ ಏರಿಯಾದ ರಶ್ ದಿನಗಳು ನಿಮಗೇ ಗೊತ್ತು. ಆ ದಿನಗಳಿಗೆ ಮೊದಲ ರಾತ್ರಿಯ ಪೂರ್ತಿ ಬಾಡಿಗೆ ತಗೊಳ್ಳಿ, ಕ್ಯಾನ್ಸಲ್ ಗಡುವನ್ನು ಒಂದು ವಾರ ಹಿಂದಕ್ಕೆ ಇಡಿ. ಆದರೆ ದುಡ್ಡು ಹಾಕಿಸಿಕೊಳ್ಳುವ ಮೊದಲೇ ಅದನ್ನು ಹೇಳಿರಬೇಕು.

ಆಸ್ಪತ್ರೆಗೆ ಬರುವವರ ವಿಷಯದಲ್ಲಿ ನಾನು ನಿಯಮ ಮರೆತುಬಿಡುತ್ತಿದ್ದೆ. ಕಿದ್ವಾಯಿ, ನಿಮ್ಹಾನ್ಸ್, ಜಯದೇವಕ್ಕೆ ಅಂತ ದೂರದ ಊರುಗಳಿಂದ ಬರುತ್ತಾರೆ. ಆಪರೇಷನ್ ತಾರೀಖು ಅವರ ಕೈಯಲ್ಲಿ ಇರುವುದಿಲ್ಲ. ಅಂಥವರ ಅಡ್ವಾನ್ಸ್ ಮುಟ್ಟುಗೋಲು ಹಾಕಬೇಡಿ, ತಾರೀಖು ಮುಂದೂಡಿ. ಬಂದ್ ಆದರೂ ಅಷ್ಟೇ. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ವಿಷಯಕ್ಕೆ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ಆಯಿತು. ಒಂದೇ ವಾರದಲ್ಲಿ ಎರಡು. ಅಂಥ ದಿನ ಬರಲಾಗದವರ ಹತ್ತಿರ ದಂಡ ಕೇಳಿದರೆ ಆ ಗಿರಾಕಿ ಮತ್ತೆ ನಿಮ್ಮ ಮೆಟ್ಟಿಲು ಹತ್ತಲ್ಲ.

ಟ್ಯಾಕ್ಸ್ ಮಾತು ಚಿಕ್ಕದು. 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಕ್ಯಾನ್ಸಲ್ ಆದಾಗ ನೀವು ಇಟ್ಟುಕೊಳ್ಳುವ ದುಡ್ಡಿಗೂ ರೂಮಿನ ದರವೇ ಅನ್ವಯ ಎಂದು 2022ರ ಆಗಸ್ಟ್‌ನ ಸುತ್ತೋಲೆ ಹೇಳುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ ಅಡ್ವಾನ್ಸ್ ಬಂದಾಗ ರಶೀದಿ ವೋಚರ್, ವಾಪಸ್ ಕೊಟ್ಟಾಗ ರೀಫಂಡ್ ವೋಚರ್ ಮಾಡಿ. ಉಳಿದದ್ದು ನಿಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ.

ಆ್ಯಪ್ ಮೂಲಕ ಬರುವ ಬುಕಿಂಗ್‌ಗಳಲ್ಲಿ ಒಂದು ಎಚ್ಚರ. ಗಿರಾಕಿ ಬರಲಿಲ್ಲ ಅಂತ ನೀವು ಗಡುವಿನೊಳಗೆ ಗುರುತು ಮಾಡದಿದ್ದರೆ ಕೆಲವು ಕಡೆ ಕಮಿಷನ್ ಬಿಲ್ ಬರುತ್ತದೆ. ಬಾರದ ಗಿರಾಕಿಗೂ ಕಮಿಷನ್! ಇನ್ನು ಯುಪಿಐ. ಸ್ಕ್ರೀನ್‌ಶಾಟ್ ನೋಡಿ ರೂಮು ಹಿಡಿದಿಡಬೇಡಿ, ಖಾತೆಗೆ ದುಡ್ಡು ಬಿತ್ತಾ ನೋಡಿ. 'ತಪ್ಪಿ ಜಾಸ್ತಿ ಹಾಕಿಬಿಟ್ಟೆ, ಈ ನಂಬರಿಗೆ ವಾಪಸ್ ಕಳಿಸಿ' ಅಂತ ಬೇರೆ ನಂಬರ್ ಕೊಟ್ಟರೆ ಕಳಿಸಲೇಬೇಡಿ. ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್.

ಕೊನೆಗೆ ಒಂದು ವಿಷಯ. ಬರಲಿಲ್ಲ ಅಂತ ನಾವು ಬರೆದುಕೊಂಡವರಲ್ಲಿ ಕೆಲವರು ನಿಜವಾಗಿ ಬರುವವರೇ ಆಗಿರುತ್ತಾರೆ. ಒಂದು ದಿನ ಬೆಳಗ್ಗೆ ಐದೂ ಮುಕ್ಕಾಲಿಗೆ ವಿಜಯಪುರದ ಬಸ್ಸಿಳಿದು ವಯಸ್ಸಾದ ಗಂಡ ಹೆಂಡತಿ ಬಂದರು. ಅಜ್ಜಿಯ ಕೈಯಲ್ಲಿ ರೊಟ್ಟಿ ಗಂಟು. 'ರೊಕ್ಕ ಹಾಕೀವಲ್ರೀ ತಮ್ಮಾ, ಖೋಲಿ ಎಲ್ಲೈತಿ?' ಅಂದರು ಯಜಮಾನರು. ರಿಜಿಸ್ಟರ್ ತೆಗೆದೆ. ಹಿಂದಿನ ದಿನ, 14ನೇ ತಾರೀಖಿಗೆ ಅವರ ಹೆಸರು, ಅದರ ಮೇಲೆ ನನ್ನದೇ ಕೆಂಪು ಗೀಟು. ರಾತ್ರಿ ಹನ್ನೊಂದಕ್ಕೆ ಆ ರೂಮು ಬೇರೆಯವರ ಪಾಲಾಗಿತ್ತು. ಫೋನಿನಲ್ಲಿ ಅವರು ಹೇಳಿದ್ದು '14ಕ್ಕ ಬಿಡ್ತೀವಿ' ಅಂತ, ಅಂದರೆ ಊರು ಬಿಡುತ್ತೇವೆ ಅಂತ. ನಾನು ಬರೆದುಕೊಂಡದ್ದು 14ಕ್ಕೆ ಬರುತ್ತಾರೆ ಅಂತ. ಒಂಬತ್ತು ಗಂಟೆಗೆ ಒಂದು ರೂಮು ಖಾಲಿಯಾಗುವವರೆಗೆ ಇಬ್ಬರೂ ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತಿದ್ದರು. ಬಾಡಿಗೆ ತಗೊಳ್ಳಲು ನನಗೆ ಮುಖವಿರಲಿಲ್ಲ. ಮಾಲೀಕರೂ ಬೇಡ ಅಂದರು.

ಆಮೇಲೆ ಬುಕಿಂಗ್ ಆದ ಕೂಡಲೇ ವಾಟ್ಸಾಪ್‌ನಲ್ಲಿ ಹೀಗೆ ಕಳಿಸತೊಡಗಿದೆವು. ನೀವೂ ಇಟ್ಟುಕೊಳ್ಳಿ:

'ನಮಸ್ಕಾರ. ನಿಮಗೆ 15ನೇ ತಾರೀಖು, ಗುರುವಾರಕ್ಕೆ ಒಂದು ಡಬಲ್ ರೂಮು ಇಟ್ಟಿದ್ದೇವೆ. ಬಾಡಿಗೆ 1,600, ಅಡ್ವಾನ್ಸ್ 500 ಬಂದಿದೆ. ಬೆಂಗಳೂರಿನಲ್ಲಿ ಯಾವ ದಿನ, ಎಷ್ಟು ಗಂಟೆಗೆ ಇಳಿಯುತ್ತೀರಿ, ದಯವಿಟ್ಟು ತಿಳಿಸಿ. 14ರ ಸಂಜೆ 6ರೊಳಗೆ ಬೇಡ ಅಂದರೆ 500 ಪೂರ್ತಿ ವಾಪಸ್. 15ರ ಮಧ್ಯಾಹ್ನ 2ರೊಳಗೆ ಅಂದರೆ 250. ತಡವಾಗಿ ಬರುವುದಾದರೆ ಒಂದು ಫೋನ್ ಮಾಡಿ, ರೂಮು ಇಟ್ಟಿರುತ್ತೇವೆ.'